ಎರಡು ನಿಮಿಷದ ಜೋಗುಳ

ತಿದ್ದಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಆಫೀಸು ಇಟ್ಟದ್ದು. ಸಂಗೀತಕ್ಕೆಂದೇ ಮೀಸಲಾದ ಮಾಸಪತ್ರಿಕೆಯೊಂದರಲ್ಲಿ ಅವನು ಹನ್ನೊಂದು ವರ್ಷದಿಂದ ಕರಡು ತಿದ್ದುತ್ತಿದ್ದ. ಸಹೋದ್ಯೋಗಿಯೊಬ್ಬ ಕೊಟ್ಟ ಮದುವೆಯ ಕರೆಯೋಲೆಯನ್ನು ಅವನೆದುರೇ ಕೆಂಪು ಶಾಯಿಯಲ್ಲಿ ತಿದ್ದಿ, ‘ಇನ್ನೊಮ್ಮೆ ತೋರಿಸಿ’ ಎಂದು ವಾಪಸು ಕೊಟ್ಟ ದಿನದಿಂದ ಆ ಹೆಸರು ಕಾಯಂ ಆಯಿತು.

ಹನ್ನೊಂದು ವರ್ಷದಲ್ಲಿ ಜಗತ್ತಿನ ಸಮಸ್ತ ವಾದ್ಯಗಳ ಕಾಗುಣಿತ ಅವನಿಗೆ ಬಾಯಿಪಾಠವಾಗಿತ್ತು. ಆದರೆ ಯಾವ ವಾದ್ಯ ಹೇಗೆ ಕೇಳಿಸುತ್ತದೆ ಎಂಬುದು ಮಾತ್ರ ತಲೆಗೆ ಹತ್ತಿರಲಿಲ್ಲ. ಕಿವಿಯಲ್ಲಿ ದೋಷವಿರಲಿಲ್ಲ, ಪಕ್ಕದ ಕೋಣೆಯಲ್ಲಿ ಗುಂಡುಸೂಜಿ ಬಿದ್ದರೂ ಕೇಳುತ್ತಿತ್ತು. ಆದರೆ ಕೊಳಲು ಯಾವುದು, ಕಾಲಿಂಗ್ ಬೆಲ್ ಯಾವುದು ಎಂಬುದು ಬಾಗಿಲು ತೆರೆದು ನೋಡಿದ ಮೇಲಷ್ಟೇ ಖಾತ್ರಿಯಾಗುತ್ತಿತ್ತು.

ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೇಳುವುದು ಹೇಗೆ? ಹೆಂಡತಿಯ ತವರು ಹಾಡುಗಾರರ ಮನೆ. ಕೆಲಸಕ್ಕೆ ಸೇರಿದ ವರ್ಷವೇ ಹೆಣ್ಣು ನೋಡಲು ಹೋದ ದಿನ ಮಾವನವರು “ಸಂಗೀತದಲ್ಲಿ ಆಸಕ್ತಿ ಇದೆಯೋ?” ಎಂದು ಕೇಳಿದ್ದಕ್ಕೆ ಇವನು “ಸಂಗೀತವೇ ನನ್ನ ಅನ್ನ” ಎಂದುಬಿಟ್ಟಿದ್ದ. ಸಂಬಳ ಕೊಡುವುದು ಸಂಗೀತ ಪತ್ರಿಕೆಯಾದ್ದರಿಂದ ಮಾತು ಸುಳ್ಳಲ್ಲ. ಅಂದಿನಿಂದ ಪ್ರತಿ ಭಾನುವಾರ ಭಾವಮೈದುನ ತಪ್ಪದೆ ಬಂದು, ಸೋಫಾದ ಮೇಲೆ ಬೆನ್ನು ನೆಟ್ಟಗೆ ಮಾಡಿ ಕುಳಿತು ಒಂದು ಗಂಟೆ ಹಾಡಿ, “ಹೇಗಿತ್ತು ಭಾವ?” ಎನ್ನುತ್ತಿದ್ದ. ತಿದ್ದಪ್ಪ ಕಣ್ಣು ಮುಚ್ಚಿ, ಮೂರು ಎಣಿಸಿ, “ಒಳಗೆ ಏನೋ ಇದೆ” ಎನ್ನುತ್ತಿದ್ದ. ಹಾಡಿನ ಒಳಗೋ, ಹಾಡುವವನ ಒಳಗೋ, ಅಡಿಗೆಮನೆಯ ಡಬ್ಬಿಯ ಒಳಗೋ ಎಂದು ಯಾರೂ ಕೇಳಿರಲಿಲ್ಲ.

ಹೀಗೆ ಸುಖವಾಗಿ ಸಾಗುತ್ತಿದ್ದಾಗ, ಪತ್ರಿಕೆಗೆ ಜಾಹೀರಾತು ಬರೆಯುತ್ತಿದ್ದಾತ ಆಫೀಸಿನ ಮೆಟ್ಟಿಲಿಳಿಯುವಾಗ ಜಾರಿ ಕಾಲು ಮುರಿದುಕೊಂಡ. ಸಂಪಾದಕರು ಮೂರು ಬಿಳಿ ಲಕೋಟೆ ಹಿಡಿದು ಹೊರಗೆ ಬಂದರು. ಪತ್ರಿಕೆಗೆ ಬೆನ್ನೆಲುಬಾಗಿದ್ದ ಧ್ವನಿಮುದ್ರಣ ಕಂಪನಿ ಮೂರು ಹೊಸ ಆಲ್ಬಂ ಕಳಿಸಿತ್ತು. ಮೂರಕ್ಕೂ ಒಂದೊಂದು ಪುಟದ ಜಾಹೀರಾತು ನಾಳೆ ಮಧ್ಯಾಹ್ನದೊಳಗೆ ಅಚ್ಚಿಗೆ ಹೋಗಬೇಕಿತ್ತು.

“ಒಂದು ಮಕ್ಕಳ ಜೋಗುಳ, ಒಂದು ಹುಡುಗರು ಕುಣಿಯೋ ರಾಕು, ಒಂದು ದೊಡ್ಡವರು ಕೇಳೋ ಪಿಟೀಲು. ಇಲ್ಲಿ ಸಂಗೀತ ಬಲ್ಲವರು ಯಾರಿದ್ದೀರಿ?”

ಯಾರೂ ತಲೆ ಎತ್ತಲಿಲ್ಲ. ಬಲ್ಲವರು ಅಲ್ಲಿ ನಾಲ್ಕು ಜನ ಇದ್ದರು. ತಲೆ ಎತ್ತಿದರೆ ಕೆಲಸ ಮೈಮೇಲೆ ಬೀಳುತ್ತದೆಂಬುದನ್ನೂ ಅವರು ಬಲ್ಲರು. ತಿದ್ದಪ್ಪನ ಕೈ ತಾನಾಗಿಯೇ ಮೇಲೆ ಹೋಯಿತು. ಬರುವ ಭಾನುವಾರ ಭಾವಮೈದುನನ ಮುಂದೆ ಪತ್ರಿಕೆ ಬಿಚ್ಚಿ ‘ಇದು ನಂದು’ ಎನ್ನುವ ಚಿತ್ರ ಕಣ್ಣ ಮುಂದೆ ಬಂದಿತ್ತು.

ಕೆಲಸವನ್ನು ಅವನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಐದು ವರ್ಷದ ಹಳೆಯ ಸಂಚಿಕೆಗಳನ್ನು ಮೇಜಿನ ಮೇಲೆ ಹರಡಿ, ಜಾಹೀರಾತುಗಳನ್ನಷ್ಟೇ ಓದಿದ. ಸಂಜೆಯ ಹೊತ್ತಿಗೆ ಜಾಹೀರಾತುಶಾಸ್ತ್ರದ ಮರ್ಮ ಅಂಗೈಗೆ ಬಂದಿತ್ತು. ರಾಕ್ ಕೇಳುವವನನ್ನು ಬೈಯಬೇಕು. ಬೈದಷ್ಟೂ ಅವನು ಅಂಗಡಿಗೆ ಓಡುತ್ತಾನೆ. ಆ ಪುಟ ಕಪ್ಪಗಿರಬೇಕು, ಚಿತ್ರದಲ್ಲಿ ಯಾರೂ ನಗಬಾರದು. ಪಿಟೀಲು ಕೇಳುವವರಿಗೆ ಅರ್ಥವಾಗದಂತೆ ಬರೆಯಬೇಕು, ಪುಟದ ಮುಕ್ಕಾಲು ಖಾಲಿ ಬಿಡಬೇಕು. ಖಾಲಿ ಜಾಗ ನೋಡಿದರೆ ಅವರಿಗೆ ಆಳ ಕಾಣಿಸುತ್ತದೆ. ಜೋಗುಳ ಕೊಳ್ಳುವವಳು ನಿದ್ದೆಗೆಟ್ಟ ತಾಯಿ. ಅವಳಿಗೆ ಭರವಸೆ ಕೊಡಬೇಕು, ಅದೂ ಅಂಕಿಯಲ್ಲಿ. ಐದು ವರ್ಷದ ಸಂಚಿಕೆಗಳಲ್ಲಿ ಹಾಡು ಹೇಗಿದೆ ಎಂದು ಹೇಳಿದ ಜಾಹೀರಾತು ಒಂದೂ ಇರಲಿಲ್ಲ. ಇದನ್ನು ಕಂಡು ತಿದ್ದಪ್ಪನಿಗೆ ಎಷ್ಟು ಸಮಾಧಾನವಾಯಿತೆಂದರೆ, ಲಕೋಟೆಯೊಳಗಿನ ಸಿ.ಡಿ.ಗಳನ್ನು ಕೇಳುವ ಯೋಚನೆಯನ್ನೇ ಬಿಟ್ಟ. ಕೇಳಿದ್ದರೂ ಉಪಯೋಗವಿರಲಿಲ್ಲವೆನ್ನಿ.

ಹಾಗಾಗಿ ಹೆಸರು, ಮುಖಪುಟದ ಚಿತ್ರ ಎರಡನ್ನೇ ನಂಬಿದ. ಒಂದರ ಹೆಸರು ‘ತೊಟ್ಟಿಲು’. ಮೇಲೆ ತೊಟ್ಟಿಲಿನದೇ ಚಿತ್ರ. ಇನ್ನೊಂದು ‘ಗುಡುಗಿನ ರಾತ್ರಿ’. ಕಪ್ಪು ಆಕಾಶ, ಅಡ್ಡಡ್ಡ ಮಿಂಚು. ಇದರಲ್ಲಿ ಗೊಂದಲಕ್ಕೆ ಎಡೆಯೆಲ್ಲಿದೆ? ಕೂತು ಬರೆದೇಬಿಟ್ಟ.

‘ತೊಟ್ಟಿಲು’ ಆಲ್ಬಂಗೆ: “ಅಮ್ಮಂದಿರೇ, ನಿಮ್ಮ ಕಣ್ಣ ಕೆಳಗಿನ ಕಪ್ಪು ಇನ್ನು ಮಾಯ! ಹಾಕಿದ ಎರಡೇ ನಿಮಿಷದಲ್ಲಿ ಮಗುವಿಗೆ ನಿದ್ದೆ. ಹೂವಿನ ಮೇಲೆ ಹೂವು ಬಿದ್ದಷ್ಟು ಮೆಲ್ಲಗೆ.”

‘ಗುಡುಗಿನ ರಾತ್ರಿ’ಗೆ: “ಎದೆಗಾರಿಕೆ ಇಲ್ಲದವರು ಪುಟ ತಿರುಗಿಸಿ! ಬಾಡಿಗೆ ಮನೆಯಲ್ಲಿ ಕೇಳಬೇಡಿ. ಹ್ರದಯ ಒಡೆದರೆ ನಾವು ಹೊಣೆಯಲ್ಲ. ಇದನ್ನು ಕೇಳಿದ ಮೇಲೆ ನಿಮ್ಮಪ್ಪ ನಿಮ್ಮ ಜೊತೆ ಮಾತಾಡುವುದಿಲ್ಲ.”

ಪಿಟೀಲಿಗೆ “ಮೌನದ ಅಂಚಿನಲ್ಲಿ ಮೌನವೇ ಕೇಳಿಸಿಕೊಂಡ ಮೌನ” ಎಂದು ಬರೆದ. ಆ ಒಂದು ಸಾಲು ಸರಿಯೋ ತಪ್ಪೋ ಇಂದಿಗೂ ಯಾರಿಗೂ ತಿಳಿಯದು, ದೂರಂತೂ ಬಂದಿಲ್ಲ.

“ಯಾರಾದರೂ ಒಮ್ಮೆ ನೋಡಬೇಕಲ್ವಾ ಸಾರ್?” ಎಂದು ತಿದ್ದಪ್ಪ ಕೇಳಿದ್ದಕ್ಕೆ ಸಂಪಾದಕರು, “ನೋಡೋರೇ ನೀವಲ್ವೇನ್ರೀ! ನಿಮ್ಮದನ್ನ ಇನ್ಯಾರು ತಿದ್ತಾರೆ?” ಎಂದು ಮೂರು ಹಾಳೆಯನ್ನೂ ಅಚ್ಚಿಗೆ ಕಳಿಸಿದರು.

ಸಂಚಿಕೆ ಶನಿವಾರ ಹೊರಬಂತು. ಭಾನುವಾರ ಬೆಳಿಗ್ಗೆ ಭಾವಮೈದುನ ಬರುವಷ್ಟರಲ್ಲಿ ತಿದ್ದಪ್ಪ ಪತ್ರಿಕೆಯನ್ನು ಮೇಜಿನ ಮೇಲೆ, ಬೇಕಾದ ಪುಟ ಗಾಳಿಗೆ ಮಗುಚದಂತೆ ನೀರಿನ ಲೋಟ ಹೇರಿ ಇಟ್ಟಿದ್ದ. ಆದರೆ ಭಾವಮೈದುನನಿಗಿಂತ ಮೊದಲೇ ಅದನ್ನು ಓದಿದವರು ಒಬ್ಬರಿದ್ದರು: ಮೇಲಿನ ಮನೆಯ ತಕ್ಕಡಿ ಸಾಹೇಬರು.

ಅವರು ಅಳತೆ ಮತ್ತು ತೂಕದ ಇಲಾಖೆಯ ಇನ್‌ಸ್ಪೆಕ್ಟರು. ಬರೆದದ್ದಕ್ಕೂ ಇದ್ದದ್ದಕ್ಕೂ ಕೂದಲೆಳೆಯ ವ್ಯತ್ಯಾಸ ಬಂದರೂ ಬಿಡುವ ಆಸಾಮಿಯಲ್ಲ. ಅವರಿಗೆ ಏಳು ತಿಂಗಳ ಮಗುವೊಂದಿತ್ತು. ಹುಟ್ಟಿದಾಗಿನಿಂದ ಅದು ಮಲಗಿದ್ದನ್ನು ಕಂಡವರಿಲ್ಲ. ನಿದ್ದೆ ಕೆಟ್ಟು ಕೆಟ್ಟು, ಸಾಹೇಬರು ಒಮ್ಮೆ ತಪಾಸಣೆಗೆ ಹೋದ ಗೋದಾಮಿನ ದೊಡ್ಡ ತಕ್ಕಡಿಯ ಮೇಲೇ ಒರಗಿ ಗೊರಕೆ ಹೊಡೆದು, ಎದ್ದವರು ತಮ್ಮದೇ ತೂಕ ಬರೆದುಕೊಂಡು ಬಂದರೆಂದು ಕಟ್ಟಡದಲ್ಲೆಲ್ಲ ಸುದ್ದಿ. ಅವರು ಬಾಗಿಲಲ್ಲಿ ನಿಂತು ತಿದ್ದಪ್ಪನ ಎರಡೂ ಕೈ ಹಿಡಿದುಕೊಂಡರು.

“ಎರಡು ನಿಮಿಷ ಅಂತ ನೀವೇ ಬರೆದದ್ದಂತೆ?”

“ಹೌದು ಸಾಹೇಬರೇ.”

“ನೆರೆಮನೆಯವರು ನೀವು. ಸುಳ್ಳು ಹೇಳೋರಲ್ಲ. ನಿನ್ನೆ ಸಂಜೆನೇ ತಂದೆ, ನಿಮ್ಮನ್ನ ಕೇಳಿಯೇ ಹಾಕೋಣ ಅಂತಿದ್ದೆ. ಈಗ ಹಾಕ್ತೀನಿ” ಎಂದು ಕಣ್ಣು ಒರೆಸಿಕೊಂಡು ಮೆಟ್ಟಿಲು ಹತ್ತಿದರು.

ಭಾವಮೈದುನ ಬಂದು ಕುಳಿತ. ಗಂಟಲು ಸರಿಪಡಿಸಿಕೊಂಡು ಬಾಯಿ ತೆರೆದ. ಅವನ ಬಾಯಿಂದ ಬಂದದ್ದು ಯಾವುದೆಂದು ತಿಳಿಯುವ ಮೊದಲೇ ಚಾವಣಿಯ ಫ್ಯಾನು ಅಲುಗಿತು. ಕಬ್ಬಿಣದ ಅಂಗಡಿಯೊಂದು ಮೆಟ್ಟಿಲ ಮೇಲಿಂದ ಉರುಳಿ ಬರುತ್ತಿದೆ, ಹಿಂದೆಯೇ ಅದರ ಮಾಲೀಕ ಅರಚುತ್ತ ಬರುತ್ತಿದ್ದಾನೆ ಎನ್ನುವಂಥ ಸದ್ದು. ಅಡಿಗೆಮನೆಯಲ್ಲಿ ತಟ್ಟೆಗಳು ಒಂದಕ್ಕೊಂದು ತಾಗಿ ಗಲಗಲ ಎಂದವು. ಕೆಳಮನೆಯ ಹಲ್ಲಿನ ಡಾಕ್ಟರ ಕುರ್ಚಿಯಿಂದ ರೋಗಿಯೊಬ್ಬ ಕೊರಳಿಗೆ ಬಟ್ಟೆ ಸಿಕ್ಕಿಸಿಕೊಂಡೇ ಬೀದಿಗೆ ಓಡಿದ.

ಭಾವಮೈದುನ ಬಾಯಿ ಮುಚ್ಚಿದ. “ಭಾವ, ಇದೇನು?”

“ಜೋಗುಳ” ಎಂದ ತಿದ್ದಪ್ಪ, ಗಾಂಭೀರ್ಯ ಬಿಡದೆ.

“ಇದಾ?”

ತಿದ್ದಪ್ಪ ಕಣ್ಣು ಮುಚ್ಚಿದ. “ಹೊಸ ಕಾಲದ್ದು. ಒಳಗೆ ಏನೋ ಇದೆ.”

“ಒಳಗೆ ನಾಲ್ಕು ಜನ ಹೊಡೆದಾಡ್ತಿದಾರೆ ಭಾವ! ಇದು ರಾಕು!”

ತಿದ್ದಪ್ಪ ಕಣ್ಣು ತೆರೆದ. ಹೆಂಡತಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ಅವನನ್ನೇ ನೋಡುತ್ತಿದ್ದಳು. ಅವನು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಮೇಲಕ್ಕೆ ಓಡಿದ. ಅಲ್ಲಿ ಆಗಲೇ ಹಲ್ಲಿನ ಡಾಕ್ಟರು, ಎದುರು ಮನೆಯ ಟೈಲರು, ಮೂರನೇ ಮಹಡಿಯ ಅಜ್ಜಿ, ಎಲ್ಲರೂ ಸೇರಿ ಬಾಗಿಲು ಬಡಿಯುತ್ತಿದ್ದರು. ಬಾಗಿಲು ಅರ್ಧ ತೆರೆಯಿತು. ಒಳಗಿನಿಂದ ಸಿಡಿಲಿನಂಥ ಸದ್ದು, ಹೊರಗೆ ತಕ್ಕಡಿ ಸಾಹೇಬರ ತಲೆ. ಅವರು ತುಟಿಯ ಮೇಲೆ ಬೆರಳಿಟ್ಟು ಕಣ್ಣು ಕೆಂಪಗೆ ಮಾಡಿದರು.

“ಶ್! ಗಲಾಟೆ ಮಾಡ್ಬೇಡಿ! ಮಗು ಮಲಗಿದೆ!”

ಜನ ಮುಖ ಮುಖ ನೋಡಿಕೊಂಡರು. ತಿದ್ದಪ್ಪ ಸಾಹೇಬರ ಕೈಯಲ್ಲಿದ್ದ ಸಿ.ಡಿ. ಡಬ್ಬಿಯನ್ನು ಇಸಿದುಕೊಂಡು ಬಿಚ್ಚಿದ. ಒಳಹಾಳೆಯಲ್ಲಿ ತೋಳಿಗೆ ಸರಪಳಿ ಸುತ್ತಿಕೊಂಡ ನಾಲ್ವರು ಗಡ್ಡಧಾರಿಗಳು ಅವನನ್ನೇ ದುರುಗುಟ್ಟಿ ನೋಡುತ್ತಿದ್ದರು. ಹೊರಗಿನ ತೊಟ್ಟಿಲನ್ನು ಸರಿಯಾಗಿ ನೋಡಿದ. ಅದು ಕಬ್ಬಿಣದ್ದು, ಸುತ್ತ ಮುಳ್ಳುತಂತಿ ಇತ್ತು. ಇದು ರಾಕ್ ಆದರೆ, ‘ಎದೆಗಾರಿಕೆ ಇಲ್ಲದವರು ಪುಟ ತಿರುಗಿಸಿ’ ಎಂದು ತಾನು ಯಾರ ಜೋಗುಳಕ್ಕೆ ಬರೆದೆ?

ನಿಲ್ಲಿಸಿದರೆ ಮಗು ಏಳುತ್ತದೆಂದು ಸಾಹೇಬರು ಸಂಜೆಯವರೆಗೂ ಅದನ್ನು ನಿಲ್ಲಿಸಲಿಲ್ಲ. ಭಾವಮೈದುನ ಅಂದು ಹಾಡದೆ ಮನೆಗೆ ಹೋದ.

ಸೋಮವಾರ ಸಂಪಾದಕರು ಅವನನ್ನು ಒಳಗೆ ಕರೆದರು. “ಬನ್ನಿ, ಬಾಗಿಲು ಹಾಕಿ. ಬೇಡ, ತೆಗೆದೇ ಇರಲಿ, ಓಡೋಕೆ ಬೇಕಾಗುತ್ತೆ. ಕಂಪನಿ ಮ್ಯಾನೇಜರ್ ಫೋನ್ ಮಾಡಿದ್ರು. ಇವತ್ತು ಸಂಜೆಯೊಳಗೆ ಇಬ್ಬರು ಕಲಾವಿದರಿಂದಲೂ ‘ತಕರಾರಿಲ್ಲ’ ಅಂತ ಬರೆಸಿ ಕಳಿಸಬೇಕಂತೆ. ಇಲ್ಲದಿದ್ರೆ ಇನ್ನು ನಮಗೆ ಅವರ ಜಾಹೀರಾತಿಲ್ಲ. ಅವರ ಜಾಹೀರಾತಿಲ್ಲ ಅಂದ್ರೆ ಪತ್ರಿಕೆ ಇಲ್ಲ. ಪತ್ರಿಕೆ ಇಲ್ಲ ಅಂದ್ರೆ...”

“ಗೊತ್ತಾಯ್ತು ಸಾರ್.”

“ಇಬ್ಬರೂ ಹೊರಗೆ ಕೂತಿದಾರೆ.”

ಬೆಂಚಿನ ಮೇಲೆ ಇಬ್ಬರಿದ್ದರು. ಒಬ್ಬ ಆ ರಾಕ್ ತಂಡದ ಮುಖ್ಯ ಗಾಯಕ. ಅಭಿಮಾನಿಗಳು ಅವನನ್ನು ಬುಲ್ಡೋಜರ್ ಎನ್ನುತ್ತಿದ್ದರು. ಬಾಗಿಲಿಗೆ ಅಡ್ಡ ನಿಂತರೆ ಆಫೀಸಿಗೆ ಬೆಳಕು ಬರುತ್ತಿರಲಿಲ್ಲ. ಇನ್ನೊಬ್ಬರು ಜೋಗುಳ ಹಾಡಿದ ನಿವೃತ್ತ ಹೆಡ್‌ಮಿಸ್ಟ್ರೆಸ್, ಬೆರಳ ಗಾತ್ರದ ಮುದುಕಿ. ಗುಡುಗಿಗೆ ಹೆದರುವ ಮಕ್ಕಳಿಗಾಗಿ ಹಾಡಿದ್ದಕ್ಕೇ ಅವರ ಆಲ್ಬಂಗೆ ‘ಗುಡುಗಿನ ರಾತ್ರಿ’ ಎಂಬ ಹೆಸರು. ತಿದ್ದಪ್ಪ ಬುಲ್ಡೋಜರನ ಕೈಗಳನ್ನು ನೋಡಿ, ಮೊದಲು ಮುದುಕಿಯ ಕಡೆಗೆ ತಿರುಗಿದ. ಅದು ಅವನು ಆ ತಿಂಗಳು ಮಾಡಿದ ಎರಡನೆಯ ತಪ್ಪು.

“ನೀನೇನಾ ಬರೆದದ್ದು?” ಎಂದು ಆಕೆ ಎದ್ದರು. ದನಿಗೆ ಪಕ್ಕದ ಕೋಣೆಯ ಟೈಪಿಂಗ್ ನಿಂತಿತು. “ನಿಂತ್ಕೋ ನೆಟ್ಟಗೆ! ಕೈ ಜೇಬಿಂದ ತೆಗಿ!”

“ಕ್ಷಮಿಸಿ ಮೇಡಂ. ನಿಮ್ಮ ಹಾಡಿಗೆ ಹಾಗೆಲ್ಲ...”

“ಮಧ್ಯೆ ಮಾತಾಡ್ಬೇಡ. ನಿನ್ನೆ ನಮ್ಮನೆ ಮುಂದೆ ಎಂಟು ಮೋಟರ್‌ಸೈಕಲ್ ಬಂದು ನಿಂತವು. ಎಲ್ಲ ಕಪ್ಪು ಜಾಕೆಟ್ಟು. ‘ಎದೆ ಒಡೆಯುತ್ತೆ ಅಂದ್ರು, ಏನೂ ಆಗ್ಲಿಲ್ಲ, ಮೋಸ’ ಅಂತ ಕೂಗಿದ್ರು. ಒಳಗೆ ಕರೆದೆ. ಸಾಲಾಗಿ ನೆಲದ ಮೇಲೆ ಕೂರಿಸಿದೆ. ಮೊದಲಿಂದ ಕೊನೇವರೆಗೂ ಹಾಡಿದೆ.”

“ಅಯ್ಯೋ! ಆಮೇಲೆ?”

“ಆಮೇಲೇನು? ಆರಡಿ ಇದ್ದೋನು ಒಬ್ಬ ಗೋಡೆಗೆ ಒರಗಿ ಬಾಯಿ ಬಿಟ್ಕೊಂಡು ನಿದ್ದೆ ಹೋದ. ಇನ್ನಿಬ್ಬರು ಅವರಮ್ಮನಿಗೆ ಫೋನ್ ಮಾಡಿದ್ರು. ಮುಂದಿನ ವಾರ ಸ್ನೇಹಿತರನ್ನ ಕರ್ಕೊಂಡು ಬರ್ತಾರಂತೆ. ಮೂವತ್ತೆರಡು ವರ್ಷ ಪಾಠ ಮಾಡಿದೀನಿ ಕಣಯ್ಯ, ಒಂದು ಕ್ಲಾಸೂ ಪೂರ್ತಿ ಕೂತು ಕೇಳಿರ್ಲಿಲ್ಲ.”

ತಿದ್ದಪ್ಪನಿಗೆ ಉಸಿರು ಬಂತು. “ಹಾಗಾದ್ರೆ ತಮ್ಮ ತಕರಾರು?”

ಆಕೆ ಚೀಲದಿಂದ ಪತ್ರಿಕೆ ತೆಗೆದು ಅವನ ಮೂಗಿನ ಕೆಳಗೆ ಹಿಡಿದರು. “ಇದೇನು? ಓದು. ‘ಹ್ರದಯ’! ಹಕಾರಕ್ಕೆ ರಕಾರದ ಒತ್ತು! ನನ್ನ ಆಲ್ಬಂ ಹೆಸರಿನ ಕೆಳಗೆ! ನನ್ನ ಹಳೇ ವಿದ್ಯಾರ್ಥಿಗಳು ನೋಡಿದ್ರೆ ನನ್ನ ಮುಖ ಎಲ್ಲಿಡ್ಲಿ?”

ತಿದ್ದಪ್ಪ ನೋಡಿದ. ನಿಜ. ಹನ್ನೊಂದು ವರ್ಷದಲ್ಲಿ ಅವನ ಕಣ್ಣು ತಪ್ಪಿಸಿಕೊಂಡ ಮೊದಲ ಅಕ್ಷರ ಅದು, ಅದೂ ಅವನದೇ ಬರಹದಲ್ಲಿ. ಕೆಲಸ ಹೋದೀತೆಂದಾಗ ಕಣ್ಣೀರು ಬರದವನಿಗೆ ಈಗ ಬಂತು. ಅದನ್ನು ನೋಡಿ ಹೆಡ್‌ಮಿಸ್ಟ್ರೆಸ್ ಮೆತ್ತಗಾದರು. “ಸರಿ, ಸರಿ. ಹತ್ತು ಸಲ ಬರೆದು ತೋರಿಸು, ಸಹಿ ಹಾಕ್ತೀನಿ” ಎಂದು ಕುಳಿತರು. ತಿದ್ದಪ್ಪ ಬರೆದ. ಅವರು ಎಣಿಸಿ ಸಹಿ ಹಾಕಿದರು.

ಇನ್ನು ಬುಲ್ಡೋಜರ್. ಅವನು ಬೆಂಚಿನ ತುದಿಯಲ್ಲಿ, ಮೊಣಕಾಲ ಮೇಲೆ ಕೈಯಿಟ್ಟು ಕುಳಿತಿದ್ದ. ಬಾಯಿ ತೆರೆದಾಗ ಬಂದ ದನಿ ಎಷ್ಟು ಸಣ್ಣದೆಂದರೆ ತಿದ್ದಪ್ಪ ಬಗ್ಗಿ ಕೇಳಬೇಕಾಯಿತು.

“ತಪ್ಪು ತಿಳ್ಕೋಬೇಡಿ ಸಾರ್. ನಮ್ಮನ್ನ ನೋಡಿದ್ರೆ ಜನ ಹೆದರಬೇಕು, ಅದೇ ನಮ್ಮ ಹೊಟ್ಟೆಪಾಡು. ನಿನ್ನೆ ಬಸ್ ಸ್ಟಾಪಲ್ಲಿ ಒಬ್ಬರು ಅಮ್ಮ ನನ್ನ ಗಲ್ಲ ಹಿಂಡಿ, ‘ನೀನೇ ಅಲ್ವಾ ಜೋಗುಳದ ಹುಡುಗ’ ಅಂದ್ರು. ನಮ್ಮ ಡ್ರಮ್ಮರ್ ಎರಡು ದಿನದಿಂದ ಊಟ ಬಿಟ್ಟಿದಾನೆ. ‘ಇಷ್ಟು ವರ್ಷ ಬಡಿದದ್ದು ನಿದ್ದೆ ಬರಿಸೋಕಾ ಅಣ್ಣ’ ಅಂತಾನೆ. ನಾನು ಏನು ಹೇಳ್ಲಿ? ಸಹಿ ಹಾಕೋಕೆ ಮನಸ್ಸು ಬರ್ತಿಲ್ಲ ಸಾರ್.”

ತಿದ್ದಪ್ಪ ಅವನಿಗೆ ಒಂದು ಲೋಟ ನೀರು ತಂದುಕೊಡುವಷ್ಟರಲ್ಲಿ ಬಾಗಿಲಲ್ಲಿ ತಕ್ಕಡಿ ಸಾಹೇಬರು ಕಾಣಿಸಿಕೊಂಡರು. ಇಲಾಖೆಯ ಬಿಲ್ಲೆ, ಕಂಕುಳಲ್ಲಿ ಫೈಲು, ಕೈಯಲ್ಲಿ ಸ್ಟಾಪ್‌ವಾಚು. ಹಿಂದೆ ಅವರ ಹೆಂಡತಿ. ಆಕೆಯ ಹೆಗಲ ಮೇಲೆ ಕಿಟಾರನೆ ಕಿರಿಚುತ್ತಿರುವ ಮಗು.

“ನೆರೆಮನೆ ಸ್ನೇಹ ಬೇರೆ, ಇಲಾಖೆ ಬೇರೆ” ಎಂದು ಸಾಹೇಬರು ಫೈಲು ಬಿಚ್ಚಿದರು. “ಎರಡು ನಿಮಿಷ ಅಂತ ಅಳತೆ ಕೊಟ್ಟಿದ್ದೀರಿ. ನಿನ್ನೆ ಬೆಳಿಗ್ಗೆ ಒಂದು ಸಲ, ರಾತ್ರಿ ಎರಡು ಸಲ ಅಳೆದೆ. ಮೂರು ಸಲವೂ ಮೂರೂವರೆ ನಿಮಿಷ ಆಯ್ತು. ಒಂದೂವರೆ ನಿಮಿಷ ಖೋತಾ! ಇದು ಗ್ರಾಹಕನಿಗೆ ಮೋಸ. ಪತ್ರಿಕೆ ಮೇಲೆ ಕೇಸ್ ಹಾಕ್ಬೇಕಾಗುತ್ತೆ.”

ಸಂಪಾದಕರು ತಮ್ಮ ಕೋಣೆಯಿಂದಲೇ “ಹಾಕಿ, ಹಾಕಿ, ಅದೊಂದು ಬಾಕಿ ಇತ್ತು” ಎಂದರು.

ಬುಲ್ಡೋಜರ್ ನಿಧಾನವಾಗಿ ತಲೆ ಎತ್ತಿದ. “ಅಂದ್ರೆ... ನಿದ್ದೆ ನಿಜವಾಗ್ಲೂ ಬಂತಾ?”

“ಬಂತು. ಆದರೆ ತಡವಾಗಿ.”

“ಮೊದಲನೇ ಹಾಡಿಗೆ ಪೀಠಿಕೆ ಜಾಸ್ತಿ ಸಾರ್” ಎಂದ ಬುಲ್ಡೋಜರ್. ದನಿಯಲ್ಲಿ ಜೀವ ಬಂದಿತ್ತು. “ಒಂದೂವರೆ ನಿಮಿಷ ಬರೀ ಗಿಟಾರು. ಎರಡನೇದು ಹಾಕಿ ನೋಡಿ, ಹಾಡು ಎತ್ತಿದ ತಕ್ಷಣ ಹೊಡೆತ.”

ಸಂಪಾದಕರ ಕೋಣೆಯಲ್ಲೇ ಪರೀಕ್ಷೆ ಏರ್ಪಟ್ಟಿತು. ಮಗುವನ್ನು ಹಳೆಯ ಸಂಚಿಕೆಗಳ ಮೇಲೆ ಶಾಲು ಹಾಸಿ ಮಲಗಿಸಿದರು. ಅದು ಕಾಲು ಬಡಿಯುತ್ತ ಕಿರಿಚಿತು. ಎರಡನೆಯ ಹಾಡು ಶುರುವಾಯಿತು. ಕಿಟಕಿಯ ಗಾಜು ನಡುಗಿತು, ಗೋಡೆಯ ಕ್ಯಾಲೆಂಡರು ಕಳಚಿಬಿತ್ತು. ಹೆಡ್‌ಮಿಸ್ಟ್ರೆಸ್ ಕಿವಿಗೆ ಸೆರಗು ಒತ್ತಿಕೊಂಡರು. ಮಗು ಕಿರಿಚುವುದನ್ನು ನಿಲ್ಲಿಸಿ, ತನಗಿಂತ ಜೋರಾಗಿ ಅಳುವವರು ಯಾರಪ್ಪ ಎಂಬಂತೆ ಸುತ್ತ ನೋಡಿತು. ಸೋತವರ ಹಾಗೆ ಒಂದು ನಿಟ್ಟುಸಿರು ಬಿಟ್ಟಿತು. ರೆಪ್ಪೆ ಇಳಿಯಿತು, ಎದ್ದಿತು, ಇಳಿಯಿತು. ಸಾಹೇಬರು ಗುಂಡಿ ಒತ್ತಿ, ಗಡಿಯಾರವನ್ನು ಎಲ್ಲರಿಗೂ ತೋರಿಸಿದರು. ಒಂದು ನಿಮಿಷ ಐವತ್ತೆರಡು ಸೆಕೆಂಡು.

ಯಾರಿಗೂ ಅದನ್ನು ನಿಲ್ಲಿಸುವ ಧೈರ್ಯ ಬರಲಿಲ್ಲ. ಮುಂದಿನ ವ್ಯವಹಾರವೆಲ್ಲ ಸನ್ನೆಯಲ್ಲೇ ನಡೆಯಿತು. ಸಾಹೇಬರು ‘ಅಳತೆ ಸರಿಯಿದೆ, ಎಂಟು ಸೆಕೆಂಡು ಹೆಚ್ಚುವರಿ ಲಾಭ’ ಎಂದು ಬರೆದು ಮೊಹರು ಒತ್ತಿದರು. ಬುಲ್ಡೋಜರ್ ಮೇಜಿನ ಪಕ್ಕ ಮಂಡಿಯೂರಿ, ತನ್ನದೇ ಅರಚಾಟದ ನಡುವೆ ಬಾಯಿ ತುಸು ತೆರೆದು ಮಲಗಿದ್ದ ಮಗುವನ್ನು ಎಷ್ಟೋ ಹೊತ್ತು ನೋಡಿದ. ಫೋನಿನಲ್ಲಿ ಚಿತ್ರ ತೆಗೆದು ಡ್ರಮ್ಮರಿಗೆ ಕಳಿಸಿದ. ಕ್ಷಣದಲ್ಲೇ ಉತ್ತರ ಬಂತು. ಅವನು ಅದನ್ನು ತಿದ್ದಪ್ಪನಿಗೆ ತೋರಿಸಿದ. ‘ಊಟಕ್ಕೆ ಕೂತೆ ಅಣ್ಣ’ ಎಂದಿತ್ತು. ಆಮೇಲೆ ಸಹಿ ಹಾಕಿದ.

ಸಂಪಾದಕರು ಒಂದು ಚೀಟಿ ತಳ್ಳಿದರು: ‘ಮುಂದಿನ ತಿಂಗಳಿಂದ ಜಾಹೀರಾತು ನೀವೇ.’ ತಿದ್ದಪ್ಪ ಪೆನ್ನು ತೆಗೆದು ಅದರ ಕೆಳಗೆ ಬರೆದ: ‘ನನಗೆ ಸಂಗೀತ ಒಂದು ಚೂರೂ ಗೊತ್ತಾಗುವುದಿಲ್ಲ ಸಾರ್. ನನ್ನ ಕರಡು ನನಗೆ ಕೊಡಿ.’ ಕಾಗುಣಿತ ಎರಡು ಸಲ ನೋಡಿ ವಾಪಸು ತಳ್ಳಿದ. ಹನ್ನೊಂದು ವರ್ಷ ಎದೆಯ ಮೇಲೆ ಕುಳಿತಿದ್ದ ಕಲ್ಲು ಒಂದು ಚೀಟಿಯ ಮೇಲೆ ಇಳಿದಿತ್ತು. ಸಂಪಾದಕರು ಓದಿ, ಅವನ ಮುಖ ನೋಡಿ, ತಲೆಯಾಡಿಸಿದರು.

ಮನೆಗೆ ಬಂದವನು ಚಪ್ಪಲಿ ಬಿಡುವ ಮೊದಲೇ ಹೆಂಡತಿಗೆ ಹೇಳಿದ. “ನಿನಗೊಂದು ವಿಷಯ ಹೇಳ್ಬೇಕು ಕಣೇ. ನನಗೆ ಸಂಗೀತ ಬರೋದಿಲ್ಲ. ಕೇಳೋಕೂ ಬರೋದಿಲ್ಲ.”

“ಗೊತ್ತು” ಎಂದಳು ಅವಳು, ಬಟ್ಟೆ ಮಡಚುವುದನ್ನು ನಿಲ್ಲಿಸದೆ.

“ಯಾವಾಗಿಂದ?”

“ನೀವು ನೋಡೋಕೆ ಬಂದ ದಿನದಿಂದ. ಅಪ್ಪ ಹಾಡೋಕೆ ಅಂತ ಗಂಟಲು ಸರಿ ಮಾಡ್ಕೊಂಡ್ರು, ನೀವು ಅಷ್ಟಕ್ಕೇ ಚಪ್ಪಾಳೆ ತಟ್ಟಿದ್ರಿ.”

ತಿದ್ದಪ್ಪ ಕುರ್ಚಿಯಲ್ಲಿ ಕುಳಿತ. “ಮತ್ತೆ ಯಾಕೆ ಒಪ್ಪಿದೆ?”

“ಯಾಕಂದ್ರೆ? ನಮ್ಮನೇಲಿ ಆರು ಜನ. ಬೆಳಿಗ್ಗೆ ಐದಕ್ಕೆ ಶುರು ಮಾಡಿದ್ರೆ ಹಲ್ಲುಜ್ಜೋವಾಗಲೂ ಹಾಡೋರು. ಈ ಮನುಷ್ಯನನ್ನ ಮಾಡ್ಕೊಂಡ್ರೆ ಮನೆ ಸ್ವಲ್ಪ ಶಾಂತವಾಗಿರುತ್ತೆ ಅಂತ ಒಪ್ಪಿದೆ. ನೀವು ನೋಡಿದ್ರೆ ಭಾನುವಾರ ಭಾನುವಾರ ಆ ತಮ್ಮನನ್ನ ಹುರಿದುಂಬಿಸಿ ಕೂರಿಸ್ತೀರಿ!”

ಮುಂದಿನ ಭಾನುವಾರ ಭಾವಮೈದುನ ಬಂದ. ಸೋಫಾದ ಮೇಲೆ ಬೆನ್ನು ನೆಟ್ಟಗೆ ಮಾಡಿದ. ತಿದ್ದಪ್ಪ ಅವನ ಕೈ ಹಿಡಿದು, ಅಪರಾಧಿ ತಪ್ಪೊಪ್ಪಿಕೊಳ್ಳುವಂತೆ ಎಲ್ಲವನ್ನೂ ಹೇಳಿದ. ಭಾವಮೈದುನನ ಬೆನ್ನು ಮೆಲ್ಲಗೆ ಸೋಫಾಕ್ಕೆ ಒರಗಿತು.

“ಅಂದ್ರೆ ಭಾವ, ಇನ್ಮೇಲೆ ನಾನು ಹಾಡ್ಬೇಕಾಗಿಲ್ವಾ?”

“ನಿನಗೆ ಹಾಡೋದು ಇಷ್ಟ ಅಲ್ವೇನೋ?”

“ಎಲ್ಲಿಯ ಇಷ್ಟ! ಭಾವನಿಗೆ ಸಂಗೀತ ಅಂದ್ರೆ ಪ್ರಾಣ, ನಿಲ್ಲಿಸಿದ್ರೆ ನೊಂದ್ಕೋತಾರೆ ಅಂತ ವಾರವಿಡೀ ಅಭ್ಯಾಸ ಮಾಡಿ ಬರ್ತಿದ್ದೆ. ಹನ್ನೊಂದು ವರ್ಷ ಭಾವ! ಭಾನುವಾರ ಒಂದು ದಿನ ಒಂಬತ್ತು ಗಂಟೆವರೆಗೂ ಮಲಗಿದೋನಲ್ಲ!”

ಅಡಿಗೆಮನೆಯಿಂದ ಹೆಂಡತಿ ನಗುವ ಸದ್ದು ಬಂತು. ಮೇಲಿನ ಮನೆಯಲ್ಲಿ ಎರಡನೆಯ ಹಾಡು ಶುರುವಾಯಿತು. ಫ್ಯಾನು ಅಲುಗಿತು, ತಟ್ಟೆಗಳು ಗಲಗಲ ಎಂದವು. ಕೆಳಗೆ ಇಬ್ಬರೂ ಸೋಫಾದ ಎರಡು ತುದಿಗೆ ಕಾಲು ಚಾಚಿ, ಊಟಕ್ಕೆ ಕರೆಯುವವರೆಗೂ ಸುಮ್ಮನೆ ಕುಳಿತಿದ್ದರು.